ಈರಮ್ಮನ ಹೆಸರಲ್ಲಿ ತೊಂಬತ್ತು ಕಿಲೊ

"ಎಲ್ಲಿ, ಮುಷ್ಟಿ ಹಿಡಿ ನೋಡೋಣ," ಅಂದರು ಮಕ್ಸೂದ್ ವಕೀಲರು.

ಗಂಗಾಮಣಿ ಬಲಗೈಯನ್ನು ಮೇಜಿನ ಮೇಲಿಟ್ಟಳು. ಹೆಬ್ಬೆರಳು ಬಾಗಿತು. ಕಿರುಬೆರಳು ಒಂದಿಷ್ಟು ಅಲುಗಿತು. ನಡುವಿನ ಮೂರು ಬೆರಳು ಮಾತ್ರ ಬೇರೆ ಯಾರದೋ ಅನ್ನುವ ಹಾಗೆ ನೆಟ್ಟಗೆ ಚಾಚಿಕೊಂಡೇ ಇದ್ದವು.

"ಸಾಕು, ಸಾಕು. ನೋವು ಮಾಡ್ಕೋಬೇಡ."

ಹೋದ ಫೆಬ್ರವರಿಯ ಕೊನೆಯ ಭಾನುವಾರ ಅವಳು ರೇಷನ್ ಅಕ್ಕಿ ಹೊತ್ತು ಹೊಂಗಡಹಳ್ಳದ ತಿರುವಿನಲ್ಲಿ ಬರುತ್ತಿದ್ದಾಗ, ಬಿಸಿಲೆ ಘಾಟಿ ನೋಡಲು ಹೊರಟಿದ್ದ ಕಾರೊಂದು ಬಂದು ಗುದ್ದಿತ್ತು. ಅಕ್ಕಿ ಚೀಲ ಚರಂಡಿಗೆ ಬಿತ್ತು, ಕೈ ಚಕ್ರದಡಿಗೆ ಹೋಯಿತು. ಕಾರಿನವರು ಓಡಿಹೋಗಲಿಲ್ಲ, ಅವರೇ ಹಾಸನದ ಆಸ್ಪತ್ರೆಗೆ ಸೇರಿಸಿದರು. ಈಗ ಪರಿಹಾರ ಕೊಡಬೇಕಾದದ್ದು ಅವರ ವಿಮಾ ಕಂಪನಿ. ಎಷ್ಟು ಕೇಳಬಹುದು ಅಂತ ತಿಳಿಯಲು ಅವಳೂ ತಾಯಿ ಈರಮ್ಮನೂ ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಬಂದಿದ್ದರು.

ವಕೀಲರು ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು ಬೆನ್ನಿಗೆ ಬರೆಯತೊಡಗಿದರು.

"ನೋಡಮ್ಮ, ಕೈಗೆ ಅಂತ ರೇಟಿಲ್ಲ. ಅದು ಏನು ದುಡೀತಿತ್ತೋ ಅದಕ್ಕೆ ರೇಟು. ವಯಸ್ಸು ಇಪ್ಪತ್ತೆರಡು. ಆ ವಯಸ್ಸಿಗೆ ಹದಿನೆಂಟು ವರ್ಷದ ದುಡಿಮೆ ಅಂತ ಲೆಕ್ಕ ಹಿಡೀತಾರೆ. ತಿಂಗಳಿಗೆ ಹದಿನಾರು ಸಾವಿರ ಅಂತ ಇಟ್ಕೊಳ್ಳೋಣ. ಸಂಬಳದ ಚೀಟಿ ಇಲ್ಲದವರಿಗೂ ಕೋರ್ಟು ಅಷ್ಟು ಒಪ್ತದೆ. ಗುಣಿಸಿದ್ರೆ ಮೂವತ್ನಾಕು ಲಕ್ಷದ ಐವತ್ತಾರು ಸಾವಿರ."

ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗಾಬರಿ ಆಗ್ಬೇಡಿ, ಅಷ್ಟೂ ಕೊಡಲ್ಲ. ಕೊಡೋ ಹಾಗಿದ್ರೆ ನಾನೇ ಹೋಗಿ ರೋಡಿಗೆ ಅಡ್ಡ ಮಲಗ್ತಿದ್ದೆ." ಅವರೊಬ್ಬರೇ ನಕ್ಕು ಮತ್ತೆ ಬರೆದರು. "ಡಾಕ್ಟ್ರು ಕೈಗೆ ಮೂವತ್ತೊಂಬತ್ತು ಪರ್ಸೆಂಟ್ ಊನ ಅಂತ ಬರೆದಿದ್ದಾರೆ. ಮನೇಲಿರೋ ಹುಡುಗಿ ಅಂದ್ರೆ ಅದರಲ್ಲಿ ಮೂರರಲ್ಲೊಂದು ಪಾಲು ಹಿಡೀತಾರೆ. ಹದಿಮೂರು ಪರ್ಸೆಂಟ್. ಅಂದ್ರೆ ನಾಲ್ಕೂವರೆ ಲಕ್ಷ. ಅದೇ, ಈ ಬೆರಳಿಂದಲೇ ದುಡಿದು ತಿನ್ನೋಳು ಅಂತ ತೋರಿಸಿದ್ರೆ ಅರ್ಧ ದುಡಿಮೆ ಹೋಯ್ತು ಅಂತ ವಾದ ಮಾಡ್ತೀನಿ. ಹದಿನೇಳು ಲಕ್ಷ."

ಎರಡು ಮೊತ್ತಕ್ಕೂ ಸುತ್ತು ಹಾಕಿದರು. ಗಂಗಾಮಣಿ ಆ ಎರಡು ಸುತ್ತುಗಳನ್ನೇ ನೋಡುತ್ತಿದ್ದಳು.

"ಆದ್ರೆ ಪೊಲೀಸ್ ಹೇಳಿಕೇಲಿ 'ಮನೆಯಲ್ಲೇ ಇರುತ್ತಾಳೆ' ಅಂತ ಬರೆದದೆ. ಯಾರು ಹಾಗೆ ಹೇಳಿದ್ದು?"

"ನಾನೇ ಸಾಹೇಬ್ರೆ," ಅಂದಳು ಈರಮ್ಮ.

"ಅಲ್ಲಮ್ಮ, ಯಾಕೆ? ಏನು ಕೆಲಸ ಮಾಡ್ತಾಳೆ ಇವಳು?"

ಈರಮ್ಮ ಮಂಡಿಯ ಮೇಲೆ ಸೆರಗು ಎಳೆದುಕೊಂಡಳು. ಅವಳ ಕಾಲು ಬೆಂಚಿನಿಂದ ನೆಟ್ಟಗೆ ಚಾಚಿಕೊಂಡಿದ್ದವು. ಮಂಡಿ ಮಡಚಲು ಆಗದೆ ಎಂಟು ವರ್ಷವಾಗಿತ್ತು.

"ಹಣ್ಣು ಕುಯ್ತಾಳೆ," ಅಂದಳು ಕೊನೆಗೆ. "ನನ್ನ ಹೆಸ್ರಲ್ಲಿ."

ಅಮ್ಮನ ಮಂಡಿ ಊದಿಕೊಂಡ ವರ್ಷ ಗಂಗಾಮಣಿ ಎಂಟನೇ ಕ್ಲಾಸಿನಲ್ಲಿದ್ದಳು. ಅಪ್ಪ ಸತ್ತು ಆಗಲೇ ಎರಡು ವರ್ಷ. ಹೆತ್ತೂರಿನ ಆಚೆ ಕಾಫಿ ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿ ಇರಬೇಕೆಂದರೆ ಮನೆಯಿಂದ ಒಂದು ಆಳು ಕೆಲಸಕ್ಕೆ ಹೋಗಲೇಬೇಕು. ಹದಿನಾಲ್ಕು ವರ್ಷದವಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಏರಿಸುವ ಹಾಗಿಲ್ಲ. ಹಾಜರಿ ಬರೆಯುವ ರೈಟರ್ ಪುಟ್ಟಸ್ವಾಮಿ ಕನಿಕರದಿಂದಲೇ ದಾರಿ ಹೇಳಿದ್ದ: "ಮಗು ಬರ್ಲಿ ಬುಡು ಈರಕ್ಕ, ನಿನ್ ಹೆಸ್ರಲ್ಲೇ ನಡೀಲಿ." ಹದಿನೆಂಟು ತುಂಬಿದಾಗ ಹೆಸರು ಬದಲಿಸೋಣ ಅಂದರೆ, ಹೊಸ ಹೆಸರು ಅಂದರೆ ದಿನಗೂಲಿ, ಹಳೇ ಹೆಸರಿಗೆ ಬೋನಸ್ಸು, ಪಿಎಫ್ಫು, ಮನೆ. ಹಾಗಾಗಿ ಅದೇ ನಡೆದುಕೊಂಡು ಬಂತು. ಎಡಗೈಯಲ್ಲಿ ರೆಂಬೆ ಬಗ್ಗಿಸಿ ಬಲಗೈ ಬೆರಳಲ್ಲಿ ಸರ್ರನೆ ಎಳೆದರೆ ರೊಬಸ್ಟಾ ಹಣ್ಣು ಚೀಲಕ್ಕೆ ಮಳೆ ಸುರಿದ ಹಾಗೆ ಬೀಳುತ್ತಿತ್ತು. ದಿನಕ್ಕೆ ತೊಂಬತ್ತು ಕಿಲೊ. ಸಂಜೆ ತೂಕದ ಹೊತ್ತಿಗೆ ಪುಟ್ಟಸ್ವಾಮಿ ಕೂಗುತ್ತಿದ್ದ, "ಈರಮ್ಮ, ತೊಂಬತ್ತು!" ಗಂಗಾಮಣಿ ಚೀಲ ಸುರಿದು ಪಕ್ಕಕ್ಕೆ ಸರಿಯುತ್ತಿದ್ದಳು. ಹೆಸರು ಅಮ್ಮನದಾದರೂ ತೂಕ ತನ್ನದು ಅಂತ ಒಳಗೊಳಗೇ ಒಂದು ಹೆಮ್ಮೆ ಇತ್ತು.

ವಕೀಲರು ದೊಡ್ಡ ಮೊತ್ತದ ಸುತ್ತಿನ ಮೇಲೆ ಪೆನ್ನಿನ ತುದಿ ಇಟ್ಟರು.

"ರೈಟರ್ ಬಂದು ಸಾಕ್ಷಿ ಹೇಳ್ತಾನಾ ಕೇಳಿ. ಅವನು ಬಂದ್ರೆ ಹದಿನೇಳು ಲಕ್ಷದ ಲೆಕ್ಕ. ಬರದಿದ್ರೆ ನಾಲ್ಕೂವರೆದು."

ಸಂಜೆ ಇವರು ಮರಳಿದಾಗ ಎಸ್ಟೇಟ್ ಸ್ಟೋರಿನ ಜಗಲಿಯಲ್ಲಿ ಪುಟ್ಟಸ್ವಾಮಿ ಗೊಬ್ಬರದ ಚೀಲ ಎಣಿಸುತ್ತಿದ್ದ. ಇವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

"ಗಂಗಿ, ನಿನ್ ಕೈ ನೋಡಿದ್ ದಿನ ನಂಗೆ ಅನ್ನ ಸೇರಲ್ಲ ಕಣವ್ವ. ಆದ್ರೆ ಕೋರ್ಟಲ್ಲಿ ನಿಂತು ಏನಂತ ಹೇಳ್ಲಿ? ಎಂಟು ವರ್ಷ ಸುಳ್ಳು ಬರ್ದೆ ಅಂತ್ಲಾ? ನನ್ ಕೆಲ್ಸ ಹೋಗ್ಲಿ, ಅದು ಬುಡು. ಈರಕ್ಕ ಎಂಟು ವರ್ಷದ ಹಿಂದೇನೇ ಕೆಲ್ಸ ಬುಟ್ಟಂಗಾಯ್ತದೆ. ಮೂವತ್ತೊಂದು ವರ್ಷದ ಗ್ರಾಚ್ಯುಟಿಗೆ ತಕರಾರು ತೆಗೀತಾರೆ. ಲೈನ್ ಮನೆಗೆ ಮಾರ್ನೇ ದಿನ ಬೀಗ. ರಿಟೈರಾಗಕ್ಕೆ ಇನ್ನೊಂದೇ ವರ್ಷ ಐತೆ ಈರಕ್ಕಂಗೆ."

ಬಸ್ಸಿನಲ್ಲಿ ಬರುವಾಗೆಲ್ಲ ಗಂಗಾಮಣಿ ಒಂದು ಮಾತನ್ನು ಜೋಡಿಸಿಕೊಂಡಿದ್ದಳು. ಈಗ ಅದು ಬಾಯಿಗೆ ಬಂತು.

"ನೀವು ಬರ್ದಿದ್ದು ನಾನು ಕುಯ್ದಿದ್ದೇ ಅಲ್ವಾ ರೈಟ್ರೇ?"

"ಹೂಂ ಕಣವ್ವ. ಅದು ನಂಗೊತ್ತು, ನಿಂಗೊತ್ತು. ಪುಸ್ತಕಕ್ಕೆ ಗೊತ್ತಿಲ್ವಲ್ಲ."

ಲೈನಿಗೆ ಹೋಗುವ ಇಳಿಜಾರಿನಲ್ಲಿ ಈರಮ್ಮ ಮಗಳ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತಳು.

"ನಾನೇ ಕೋರ್ಟಲ್ಲಿ ಹೇಳ್ಬುಡ್ತೀನಿ ಮಗ. ಮನೆ ಹೋದ್ರೆ ಹೋಗ್ಲಿ. ಆವತ್ತು ಪೊಲೀಸ್ನೋನು ಕೇಳ್ದಾಗ ಪಕ್ಕದಲ್ಲೇ ರೈಟ್ರು ನಿಂತಿದ್ರು, ಬಾಯಿಗ್ ಬಂದಿದ್ದು ಹೇಳ್ಬುಟ್ಟೆ. ನನ್ ನಾಲ್ಗೆಗೆ ಬೆಂಕಿ ಬೀಳ."

ಗಂಗಾಮಣಿ ಅಮ್ಮನ ಕಾಲು ನೋಡಿದಳು. ಆ ಹದಿನೇಳು ಲಕ್ಷ ಬಂದರೆ ಬಂತು, ಬರದಿದ್ದರೆ ಇಲ್ಲ. ಬಂದರೂ ಎಷ್ಟು ವರ್ಷಕ್ಕೋ. ಬೀಗ ಮಾತ್ರ ಮಾರನೇ ದಿನವೇ. ಈ ಕಾಲು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

"ಬ್ಯಾಡ ಬಾರವ್ವ," ಅಂದಳು.

ಡಿಸೆಂಬರಿನ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಮೂರು ಲಕ್ಷ ತೊಂಬತ್ತು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗೆಂದು ಮಾಡಿದ ಕೈಸಾಲಕ್ಕೇ ಹೋಗುವುದಿತ್ತು. ಗುಮಾಸ್ತ ಕಾಗದ ಓದಿ ಹೇಳಿದ: "ಅರ್ಜಿದಾರಳು ಯಾವುದೇ ಉದ್ಯೋಗದಲ್ಲಿ ಇರುವುದಿಲ್ಲ. ಒಪ್ಪಿಗೆನಾ?" ಅವಳು ತಲೆಯಾಡಿಸಿದಳು. ಪೆನ್ನು ಕೊಟ್ಟ. ಅವಳು ಬಲಗೈ ಎತ್ತಿ, ಮತ್ತೆ ಕೆಳಗಿಟ್ಟಳು. "ಓದು ಬರಲ್ವಾ? ಇರ್ಲಿ, ಹೆಬ್ಬೆಟ್ಟು ಒತ್ತು," ಅಂದು ಅವನೇ ಎಡಗೈ ಹಿಡಿದು ಇಂಕಿಗೆ ಅದ್ದಿದ. ಎಂಟನೇ ಕ್ಲಾಸಿನವರೆಗೂ ಅವಳ ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಎಲ್ಲರಿಗೂ ತೋರಿಸುತ್ತಿದ್ದರು. ಅದನ್ನು ಇವನಿಗೆ ಹೇಳಿ ಆಗಬೇಕಾದದ್ದೇನು?

ಜನವರಿಯಲ್ಲಿ ರೊಬಸ್ಟಾ ಹಣ್ಣಾಯಿತು. ಅಲ್ಲಿಯವರೆಗೆ ಪುಟ್ಟಸ್ವಾಮಿ ಈರಮ್ಮನ ಹೆಸರಿಗೆ ಕೆಲವು ದಿನ ರಜಾ ಬರೆದು, ಉಳಿದ ದಿನ ಅವಳಿಗೆ ನರ್ಸರಿಯಲ್ಲಿ ಕಾಲು ಚಾಚಿ ಕೂತು ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸ ಕೊಟ್ಟು ಹೇಗೋ ಉಳಿಸಿದ್ದ. ಕೊಯ್ಲಿನ ಹೊತ್ತಿಗೆ ಅರುಣ್ ಅನ್ನುವ ಹೊಸ ಮ್ಯಾನೇಜರ್ ಬಂದ. ಪುಸ್ತಕದಲ್ಲಿರುವ ಆಳೆಲ್ಲ ಹಣ್ಣು ಕುಯ್ಯಬೇಕು ಅಂದ. ಈಗ ಈರಮ್ಮನ ಹೆಸರಿಗೆ ಈರಮ್ಮನೇ ಕೊಯ್ಲಿಗೆ ಹೋಗಬೇಕಾಯಿತು.

ಮೊದಲ ದಿನ ಸಂಜೆ ಅಮ್ಮನನ್ನು ಕರೆತರಲು ಗಂಗಾಮಣಿ ಕಣಕ್ಕೆ ಹೋದಳು. ತೂಕ ನಡೆದಿತ್ತು. ಅಮ್ಮ ಚೀಲವನ್ನು ನೆಲದ ಮೇಲೆ ಎಳೆದುಕೊಂಡೇ ತಕ್ಕಡಿಯ ಹತ್ತಿರ ಬಂದಳು.

"ಈರಮ್ಮ," ಅಂದ ಪುಟ್ಟಸ್ವಾಮಿ. ಕೂಗಲಿಲ್ಲ. "ಹತ್ತೊಂಬತ್ತು."

ಅರುಣ್ ಹಳೇ ಪುಸ್ತಕ ತಿರುವಿದ. "ಎಷ್ಟು? ಹೋದ ಸೀಸನ್ನಲ್ಲಿ ದಿನಾ ತೊಂಬತ್ತು, ತೊಂಬತ್ತೆರಡು ಅಂತ ಇದೆಯಲ್ಲ. ಏನಮ್ಮ, ಹೊಸ ಮ್ಯಾನೇಜರ್ ಅಂತ ಆಟ ಆಡ್ತಿದ್ದೀಯಾ?"

ಆ ತೊಂಬತ್ತು ಯಾರ ಕೈಯದು ಅಂತ ಅಲ್ಲಿದ್ದ ಮೂವತ್ತು ಜನಕ್ಕೂ ಗೊತ್ತಿತ್ತು. ಸಾಲಿನ ಹಿಂದಿನಿಂದ, ಬಾಯಿ ಸುಮ್ಮನಿಡಲು ಬಾರದ ಇಂದ್ರಮ್ಮ ಅಂದಳು, "ಈರಕ್ಕನ ಕೈ ಮ್ಯಾಲೆ ಕಾರು ಹತ್ಬುಡ್ತು ಸಾರ್."

ಯಾರೋ ಒಬ್ಬರು ನಕ್ಕು ತಕ್ಷಣ ಕೆಮ್ಮಿದರು. ಪುಟ್ಟಸ್ವಾಮಿ ತಲೆ ಎತ್ತಲಿಲ್ಲ.

"ಹೌದಾ? ಎಲ್ಲಿ, ತೋರ್ಸಮ್ಮ ಕೈ."

ಈರಮ್ಮ ಎರಡೂ ಕೈ ಚಾಚಿದಳು. ಹಣ್ಣಿನ ಅಂಟಿಗೆ ಕಪ್ಪಾಗಿದ್ದ ಹತ್ತು ಬೆರಳು. ಅರುಣ್ ಬಗ್ಗಿ ನೋಡಿದ.

"ಚೆನ್ನಾಗೇ ಇದೆಯಲ್ಲ. ನಾಳೆಯಿಂದ ಸರಿಯಾಗಿ ಕುಯ್ಯಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಅಮ್ಮ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದನ್ನೂ ಮರೆತು ನಿಂತಿದ್ದಳು. ಮ್ಯಾನೇಜರಿನ ಕಣ್ಣು ಹಾಗೇ ಸಾಲಿನ ಮೇಲೆ ಹಾಯುತ್ತ ಈ ಕಡೆ ಬಂತು. ಗಂಗಾಮಣಿ ಬಲಗೈಯನ್ನು ವೇಲಿನೊಳಗೆ ಮುಚ್ಚಿಟ್ಟುಕೊಂಡಳು.