ಮುಳುಗುವ ಕೆಲಸ

"ಮುಳುಗೋಕೂ ಬರಲ್ವೇನೇ ನಿಂಗೆ, ಮುಂಡೆ? ಸಾಯೋರು ಹಂಗಾ ಕಿರಚೋದು? ಗಂಟಲು ಹರ್ಕೊಂಡು ಕಿರಚು. ಕೈ ಬಡಿ. ಇಷ್ಟು ದೂರ ಬಂದೋರಿಗೆ ಒಂದು ಜೀವ ಉಳಿಸಿದ್ವಿ ಅಂತ ಅನ್ನಿಸ್ಬೇಕೋ ಬೇಡ್ವೋ?"

ಪ್ರವಾಸಿ ಶಿಬಿರ ನಡೆಸುವ ರಜ್ಲಾನ್ ದಡದಲ್ಲಿ ನಿಂತು ಧ್ವನಿವರ್ಧಕದಲ್ಲಿ ಕೂಗುತ್ತಿದ್ದ. ಕಿತ್ತಳೆ ಬಣ್ಣದ ತೇಲುಬುರುಡೆಯ ಪಕ್ಕ ಕುತ್ತಿಗೆಮಟ್ಟದ ನೀರಿನಲ್ಲಿದ್ದ ಸಲ್ಬಯಾ ಕೈ ಬಡಿಯುವುದನ್ನು ನಿಲ್ಲಿಸಿ ಅವನತ್ತ ನೋಡಿದಳು. ಮುಂಡೆ ಅನ್ನುವ ಮಾತು ಅವಳಿಗೆ ಹೊಸದಲ್ಲ. ಶಿಬಿರದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಗಿಂತ ಹಾಗೆ ಕರೆದವರೇ ಹೆಚ್ಚು. ಆದರೆ ಗಂಡ ಜಲ್ಮಾನ್ ಮೀನಿಗೆಂದು ಕಡಲಿಗೆ ಹೋಗಿ ಎರಡು ರಾತ್ರಿ ಕಳೆದಿತ್ತು, ಇನ್ನೂ ಬಂದಿರಲಿಲ್ಲ. ಆ ಮಾತು ಈ ಹೊತ್ತು ಬರೀ ಬೈಗುಳವಾಗಿ ಕೇಳಲಿಲ್ಲ.

ಅವಳು ಮತ್ತೆ ಕಿರಚಿದಳು. ಕಯಾಕು ದೋಣಿಗಳು ನುಗ್ಗಿ ಬಂದವು.

ಮಲೇಷ್ಯಾದ ಸೆಂಪೋರ್ನಾದಿಂದ ದೋಣಿ ಹತ್ತಿ ಈ ದ್ವೀಪಕ್ಕೆ ಬರುವ ಪ್ರತಿ ತಂಡಕ್ಕೂ ಈ ಆಟ ಇದ್ದೇ ಇರುತ್ತಿತ್ತು. ಕಚೇರಿಗಳವರು, ಕಾಲೇಜಿನವರು ಬರುತ್ತಿದ್ದರು. ಹಗ್ಗ ಹತ್ತುತ್ತಿದ್ದರು, ದೋಣಿ ಹುಟ್ಟು ಹಾಕುತ್ತಿದ್ದರು, ಕೊನೆಗೆ ಎರಡು ಗುಂಪಾಗಿ ಮುಳುಗುತ್ತಿರುವವಳನ್ನು ಯಾರು ಮೊದಲು ದಡಕ್ಕೆ ತರುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಬೆಳಿಗ್ಗೆ ಅಡುಗೆಮನೆಯಲ್ಲಿ ಮೀನು ಉಜ್ಜುವುದು, ಮಧ್ಯಾಹ್ನ ಮುಳುಗುವುದು, ಇದು ಸಲ್ಬಯಾಳ ಕೆಲಸ. ಆಟ ಮುಗಿದ ಸೀಟಿ ಊದುವವರೆಗೆ ಕಣ್ಣು ತೆರೆಯಕೂಡದು.

ಈ ಸಲ ಬಂದಿದ್ದವರು ಕೌಲಾಲಂಪುರದ ಯಾವುದೋ ಬ್ಯಾಂಕಿನವರು. ಒಬ್ಬ ಜುಟ್ಟು ಹಿಡಿದು ಎಳೆದ, ಇನ್ನೊಬ್ಬ ಕಾಲು ಹಿಡಿದ. ಮರಳಿನ ಮೇಲೆ ಅಂಗಾತ ಕೆಡವಿದರು. ಕಪ್ಪು ಕನ್ನಡಕದ ದಢೂತಿ ಒಬ್ಬ ಪಕ್ಕದಲ್ಲಿ ಮಂಡಿಯೂರಿದ್ದು ಕಣ್ಣು ಮುಚ್ಚಿದ್ದರೂ ಅವಳಿಗೆ ತಿಳಿಯಿತು. ಎದೆ ಒತ್ತಬೇಕಾದ ಕೈ, ಒತ್ತಬೇಕಾದ ಕಡೆ ಇರಲಿಲ್ಲ.

"ಬಾಯಿಗೆ ಬಾಯಿಟ್ಟು ಊದ್ಬೇಕಂತಪ್ಪ. ಯಾರು ಬರ್ತೀರಾ? ನನ್ ಕೈಲಾಗಲ್ಲ, ಮೀನಿನ ವಾಸನೆ."

"ನೀನೇ ಊದು ಗುರೂ, ಮನೇಲಿ ಹೇಳಲ್ಲ."

ಎಲ್ಲರೂ ನಕ್ಕರು. ಫೋನುಗಳು ಮೇಲೆದ್ದವು. ಸೀಟಿ ಊದಿದ ಮೇಲೆ ರಜ್ಲಾನ್ ಬಗ್ಗಿ ಹಲ್ಲು ಕಚ್ಚಿಕೊಂಡು ಹೇಳಿದ: "ನಗೇ. ಫೋಟೋ ಹಿಡೀತಾವ್ರೆ, ಹೆಣದ ಹಂಗೆ ಕೂರ್ಬೇಡ."

ಅವಳು ನಗಲಿಲ್ಲ. ಕಣ್ಣು ಅವರೆಲ್ಲರ ತಲೆಯಾಚೆ, ಹವಳದ ದಿಬ್ಬದ ಮೇಲೆ ಒಡೆಯುತ್ತಿದ್ದ ಬಿಳಿ ನೊರೆಯ ಮೇಲಿತ್ತು.

ದಿಬ್ಬದ ಒಳಗಿನ ಶಾಂತ ನೀರಿನಲ್ಲೇ ಮೊದಲು ಸಲ್ಬಯಾಳ ಜನರ ಊರಿತ್ತು. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮನೆಗಳು. ಬಂದವರ ಕಣ್ಣಿಗೆ ಕೊಳಕು ಕಾಣುತ್ತದೆ ಎಂದು ಶಿಬಿರದವರು ಅವನ್ನು ಕೆಡವಿಸಿದರು. ಆಮೇಲೆ ಕಯಾಕು ಆಡುವವರಿಗೆ ಬಲೆ ಅಡ್ಡ ಬರುತ್ತದೆ ಎಂದು ಆ ನೀರಿಗೂ ಹಗ್ಗ ಕಟ್ಟಿದರು. ಅವಳ ಜನ ದೋಣಿ ಬಿಚ್ಚಿಕೊಂಡು ದ್ವೀಪಕ್ಕೊಬ್ಬರಂತೆ ಹಂಚಿಹೋದರು. ಉಳಿದವರು ಗಂಡಹೆಂಡಿರಿಬ್ಬರೇ, ಅಕ್ಕಿ ಕೊಳ್ಳಲು ಶಿಬಿರದ ಕೆಲಸ ಇದೆಯಲ್ಲ ಎಂದು. ಕಾಂಡ್ಲಾ ಗಿಡಗಳ ಹಿಂದೆ, ಯಾರಿಗೂ ಕಾಣದ ಹಾಗೆ ವಾಸದ ದೋಣಿ ಕಟ್ಟಿಕೊಂಡಿದ್ದರು. ಒಳಗೆ ಬಲೆ ಬೀಸುವಂತಿಲ್ಲವಾದ್ದರಿಂದ ಜಲ್ಮಾನ್ ಮರ ತೋಡಿ ಮಾಡಿದ ಸಣ್ಣ ದೋಣಿಯಲ್ಲಿ ದಿಬ್ಬದಾಚೆಗೆ ಹೋಗುತ್ತಿದ್ದ. ಅವನು ಹೋದ ದಿನವೇ ಗಾಳಿ ದಿಕ್ಕು ಬದಲಿಸಿತ್ತು.

ಒದ್ದೆ ಬಟ್ಟೆಯಲ್ಲೇ ಅವಳು ಕಚೇರಿಯ ಬಾಗಿಲಲ್ಲಿ ನಿಂತಳು.

"ಬಾಸ್, ನನ್ ಗಂಡ ಬಂದಿಲ್ಲ. ದಿಬ್ಬದಾಚೆ ಗಾಳಿ ಎದ್ದದೆ. ಕೆಂಪು ದೋಣಿ ಒಂದ್ ಸಲ ಕಳ್ಸಿ."

"ಯಾವ ಕೆಂಪು ದೋಣಿ?"

"ಮುಳುಗೋರ್ನ ಎತ್ತೋ ದೋಣಿ."

ರಜ್ಲಾನ್ ಕಾಫಿ ಲೋಟ ಕೆಳಗಿಟ್ಟ. "ಅದು ಗೆಸ್ಟುಗಳಿಗೆ ಕಣೇ. ಅವರಿಗೇನಾದ್ರೂ ಆದ್ರೆ ನನ್ ತಲೆ ಹೋಗುತ್ತೆ. ಅಲ್ಲ, ಸಮುದ್ರದಲ್ಲೇ ಹುಟ್ಟಿ ಸಮುದ್ರದಲ್ಲೇ ಹೇಲೋ ಜನ ನೀವು. ನೀವು ಮುಳುಗ್ತೀರಾ? ಎಲ್ಲೋ ಇನ್ನೊಬ್ಬಳ ದೋಣಿ ಹತ್ತಿರ್ತಾನೆ."

"ಅಂಥೋನಲ್ಲ ಅವ್ನು. ಒಂದೇ ಒಂದ್ ಸುತ್ತು ಬಾಸ್. ನಿಮ್ ಕಾಲಿಗೆ ಬೀಳ್ತೀನಿ."

"ನೀರು ಸುರೀತಿದೆ, ನೆಲ ಹಾಳಾಗುತ್ತೆ, ಆಚೆ ನಿಂತ್ಕೊ. ಪೊಲೀಸರ ಹತ್ರ ಹೋಗ್ತೀಯಾ? ಹೋಗು. ಅವರು ಮೊದ್ಲು ಕೇಳೋದು ನೀನು ಯಾವ ದೇಶದೋಳು ಅಂತ. ಏನು ಹೇಳ್ತೀಯಾ?"

ಅವಳನ್ನು ಅವ್ವ ಹೆತ್ತದ್ದು ದೋಣಿಯಲ್ಲಿ, ಅವ್ವನನ್ನು ಅಜ್ಜಿ ಹೆತ್ತದ್ದು ದೋಣಿಯಲ್ಲಿ. ಯಾವ ದೇಶವೂ ಬಂದು ಅವರನ್ನು ನಮ್ಮವರು ಎಂದಿರಲಿಲ್ಲ.

ಕೆಂಪು ದೋಣಿ ನಡೆಸುತ್ತಿದ್ದವನು ಅಮಿಸಾಲ್. ಜಲ್ಮಾನನ ಸೋದರತ್ತೆಯ ಮಗ. ಅವನ ಅಪ್ಪ ಬಹಳ ಹಿಂದೆಯೇ ನೆಲ ಹತ್ತಿದ್ದರಿಂದ ಅವನಿಗೆ ಗುರುತಿನ ಚೀಟಿ ಇತ್ತು, ಗಂಜಿಹಾಕಿದ ಅಂಗಿ ಇತ್ತು. ದೋಣಿ ನಿಲ್ಲಿಸುವ ಚಪ್ಪರದಡಿ ಹುಟ್ಟುಗಳನ್ನು ನೋಡುತ್ತಿದ್ದವನು ಅವಳು ಬರುವುದನ್ನು ಕಂಡು ಇಂಜಿನ್ನಿನತ್ತ ತಿರುಗಿಕೊಂಡ.

"ಅಮಿಸಾಲಾ, ನಿನ್ ಬಾವ್ನೋ ಅವ್ನು."

"ನಂಗೂ ಗೊತ್ತು ಅತ್ಗೆ."

"ಮತ್ತೆ?"

"ಬೀಗದ ಕೈ ಬಾಸ್ ತಾವ ಅದೆ. ಆಟ ಶುರುವಾಗೋ ಮುಂಚೆ ಕೊಡ್ತಾನೆ, ಆಟ ಮುಗುದ್ರೆ ಇಸ್ಕೋತಾನೆ. ನಾ ಏನ್ ಮಾಡ್ಲಿ?" ಅವನು ಒಂದೇ ತಿರುಪನ್ನು ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿದ. "ನಂಗೂ ಹೆಂಡ್ತಿ ಮಕ್ಳವ್ರೆ ಅತ್ಗೆ."

ಮಾರನೆಯ ಬೆಳಿಗ್ಗೆ ಅಡುಗೆಯ ದಯಾಂಗಕ್ಕ ಮರಗೆಣಸಿನ ಪುಟ್ಟು ಮುರಿದು ಅವಳ ಕೈಗಿಟ್ಟಳು.

"ತಿನ್ನು. ಖಾಲಿ ಹೊಟ್ಟೇಲಿ ನೀರಿಗಿಳೀಬ್ಯಾಡ."

"ದೋಣೀಲಿ ಒಬ್ಳೇ ಮಲ್ಗಿದ್ರೆ ಒಂದ್ ಪಕ್ಕ ತೂಗ್ತದೆ ಕಣಕ್ಕಾ," ಎಂದಳು ಸಲ್ಬಯಾ. "ಅವ್ನು ಮಲ್ಗೋ ಕಡೆ ನೀರಿನ್ ಡಬ್ಬ ಇಟ್ಟೆ. ಆದ್ರೂ ತೂಗ್ತದೆ."

ದಯಾಂಗಕ್ಕ ಒಲೆ ಊದಿದಳು. ಸಲ್ಬಯಾ ಪುಟ್ಟನ್ನು ಉಟ್ಟ ಬಟ್ಟೆಯ ತುದಿಗೆ ಕಟ್ಟಿಕೊಂಡಳು. ತಿನ್ನಲಿಲ್ಲ.

ಆ ದಿನ ದೊಡ್ಡ ಪಂದ್ಯ. ಬ್ಯಾಂಕಿನ ಮೇಲಧಿಕಾರಿಯೂ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಇಳಿತದ ಹೊತ್ತು, ನೀರು ಹೊರಗಡಲಿಗೆ ಇಳಿಯುತ್ತಿತ್ತು. ತೇಲುಬುರುಡೆಯ ಬಳಿಗೆ ಈಜಿಕೊಂಡು ಹೋಗುವಾಗಲೇ ಸೆಳೆತ ಕಾಲನ್ನು ದಿಬ್ಬದ ಬಾಯಿಯ, ಹೊರಗಡಲಿಗೆ ತೆರೆದ ಕಂಡಿಯ ಕಡೆಗೆ ಎಳೆಯುತ್ತಿರುವುದು ಅವಳಿಗೆ ಗೊತ್ತಾಯಿತು. ಅಲ್ಲಿಯವರೆಗೂ ಅವಳು ಏನನ್ನೂ ಯೋಚಿಸಿರಲಿಲ್ಲ. ತಿರುಗಿ ದಡ ನೋಡಿದಳು. ಅಮಿಸಾಲ್ ಕೆಂಪು ದೋಣಿಯಲ್ಲಿ ಕೂತಿದ್ದ. ಬೀಗದ ಕೈ ಇಂಜಿನ್ನಿನಲ್ಲಿರುತ್ತದೆ ಈಗ.

ಶುರುವಿನ ಸೀಟಿ ಕೇಳಿಸಿತು. ಅವಳು ಎರಡೂ ಕೈ ಎತ್ತಿ ಗಂಟಲು ಹರಿಯುವಂತೆ ಕಿರಚಿದಳು. ಆ ಕೂಗು ಎಷ್ಟು ಚೆನ್ನಾಗಿತ್ತೆಂದರೆ ರಜ್ಲಾನ್ ದೂರದಿಂದಲೇ ಹೆಬ್ಬೆರಳು ತೋರಿಸಿದ. ಮುಂದಿನ ಕಯಾಕಿನಲ್ಲಿ ಕಪ್ಪು ಕನ್ನಡಕದವನು ಹಲ್ಲು ಬಿಡುತ್ತಾ ಬರುತ್ತಿದ್ದ. ಅವನ ಕೈ ಇನ್ನೇನು ಜುಟ್ಟಿಗೆ ಸಿಗಬೇಕು, ಸಲ್ಬಯಾ ಎದೆ ತುಂಬ ಗಾಳಿ ಎಳೆದುಕೊಂಡು ಕೆಳಗಿಳಿದಳು.

ಕೆಳಗೆ ಹಗ್ಗ ಕಟ್ಟಿದ ಕಲ್ಲುಗಳು, ಬಾಗಿದ ಕಡಲಹುಲ್ಲು, ಕಡಿದ ಮನೆಕಂಬಗಳ ಮೋಟುಗಳು. ಯಾವ ಮೋಟು ಯಾರ ಮನೆಯದೆಂದು ನೋಡುತ್ತಾ ಹೋಗುವಷ್ಟು ಉಸಿರು ಇರಲಿಲ್ಲ. ಸೆಳೆತ ಒಯ್ದ ಕಡೆಗೆ ಮೈ ಬಿಟ್ಟಳು. ದಿಬ್ಬದ ಒಳಮಗ್ಗುಲಲ್ಲಿ ಮೂಗಷ್ಟೇ ಮೇಲೆತ್ತಿದಾಗ ಕಯಾಕುಗಳು ತೇಲುಬುರುಡೆಯ ಸುತ್ತ ಇನ್ನೂ ಗಿರಕಿ ಹೊಡೆಯುತ್ತಿದ್ದವು. ನಗು ಕೇಳುತ್ತಿತ್ತು.

"ಏಯ್, ಸಾಕು, ಏಳೇ ಮೇಲೆ," ಎಂದು ಧ್ವನಿವರ್ಧಕ ಗದರಿತು.

ಅವಳು ಮತ್ತೆ ಮುಳುಗಿದಳು. ಮತ್ತೆ ಎದ್ದಾಗ ನಗು ನಿಂತಿತ್ತು. ಯಾರೋ ಹೆಂಗಸು ಅಳುತ್ತಿದ್ದಳು. ಮೇಲಧಿಕಾರಿ ಕುರ್ಚಿ ಬಿಟ್ಟು ನೀರಿನಂಚಿಗೆ ಬಂದು ನಿಂತಿದ್ದ. ಧ್ವನಿವರ್ಧಕದ ದನಿ ಬೇರೆಯಾಗಿತ್ತು: "ಬೋಟು! ಅಮಿಸಾಲ್, ಬೋಟು ಬಿಡೋ!"

ಎಷ್ಟು ಬೇಗ ಹೊರಟಿತು ಅದು.

ಸಲ್ಬಯಾ ದಿಬ್ಬದ ಬಾಯಿಯಲ್ಲಿ ಒಂದು ಕೈ ಎತ್ತಿ ತೋರಿಸಿ ಕೆಳಗೆ ಹೋದಳು. ದೋಣಿ ಆ ಕಡೆ ತಿರುಗಿತು. ಬಾಯಿ ದಾಟಿದ ಮೇಲೆ ಇನ್ನೊಮ್ಮೆ ತೋರಿಸಿದಳು. ಹೊರಗಡಲಿನ ಅಲೆ ಆಳೆತ್ತರ ಏಳುತ್ತಿತ್ತು. ತೋಳು ಸೋತಿತ್ತು, ಎದೆ ಉರಿಯುತ್ತಿತ್ತು. ಜಲ್ಮಾನ್ ಬಲೆ ಬೀಸುವ ಜಾಗ ಇನ್ನೂ ಮುಂದೆ. ಅಲ್ಲಿಯವರೆಗೆ ದೋಣಿಯನ್ನು ತನ್ನ ಹಿಂದೆ ಸೆಳೆದೊಯ್ಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಒಂದು ಅಲೆ ಅವಳನ್ನೂ ದೋಣಿಯನ್ನೂ ಒಟ್ಟಿಗೆ ಎತ್ತಿತು. ಅಮಿಸಾಲ್ ಅವಳನ್ನು ಕಂಡ. ಅವನ ಹಿಂದೆ, ಹೊರಡುವಾಗ ಹತ್ತಿಕೊಂಡಿದ್ದ ಬ್ಯಾಂಕಿನ ಒಬ್ಬ ಗಂಡಸು, ಒಬ್ಬ ಹೆಂಗಸು ದೋಣಿಯ ಅಂಚು ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದರು. ಅವನು ಕೈ ಚಾಚಿದ್ದರೆ ಮುಗಿಯುತ್ತಿತ್ತು. ಅವಳು ಬೇಡವೆಂದು ತಲೆಯಾಡಿಸಿದಳು, ಗದ್ದದಿಂದ ಹೊರಗಡಲು ತೋರಿಸಿದಳು. ಅಮಿಸಾಲ್ ಅವಳು ತೋರಿಸಿದ ಕಡೆಗೆ ತಿರುಗಿ ನೋಡಿದ. ಅಲೆ ಇಬ್ಬರನ್ನೂ ಕೆಳಗಿಳಿಸಿತು.

ರೇಡಿಯೋ ಗೊರಗುಟ್ಟಿತು. "ಸಿಕ್ಕಳೇನೋ?"

"ಇಲ್ಲ ಬಾಸ್. ಆಚೆ ಕೊಚ್ಕೊಂಡೋಗವ್ಳೆ."

"ಆಚೆ ಹೋಗ್ಬೇಡ. ಗೆಸ್ಟುಗಳವ್ರೆ ದೋಣೀಲಿ. ಏಯ್, ಬೋಳಿಮಗನೇ, ಕೇಳಿಸ್ತಾ..."

ಅಮಿಸಾಲ್ ರೇಡಿಯೋ ಆರಿಸಿದ, ದನಿ ಅರ್ಧಕ್ಕೆ ನಿಂತಿತು. ಇಂಜಿನ್ನನ್ನೂ ನಿಲ್ಲಿಸಿದ. ಅಮಿಸಾಲ್ ಎದ್ದು ನಿಂತು ಬಾಯಿಗೆ ಎರಡೂ ಕೈ ಕೊಟ್ಟುಕೊಂಡ.

"ಜಲ್ಮಾನಾ... ಓ ಬಾವಾ... ಜಲ್ಮಾನಾ..."

"ಅವಳ ಹೆಸರಾ ಅದು?" ಎಂದಳು ಬ್ಯಾಂಕಿನ ಹೆಂಗಸು.

"ನೀವ್ ಆ ಪಕ್ಕ ನೋಡ್ರವ್ವ, ನೀವ್ ಈ ಪಕ್ಕ. ಮರದ ತುಂಡಾಗ್ಲಿ, ಬಟ್ಟೆಯಾಗ್ಲಿ, ಏನ್ ಕಂಡ್ರೂ ಹೇಳಿ."

ಅವನು ಕಿವಿಗೊಟ್ಟು ನಿಂತ. ಅಲೆಯ ಮರೆಯಲ್ಲಿದ್ದ ಸಲ್ಬಯಾಳೂ ಉಸಿರು ಬಿಗಿಹಿಡಿದು ಕೇಳಿದಳು. ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಮಿಸಾಲ್ ಇಂಜಿನ್ ಹಚ್ಚಿ ದೋಣಿಯ ಮೂತಿಯನ್ನು ಇನ್ನೂ ಆಚೆಗೆ ತಿರುಗಿಸಿದ.

ದೋಣಿ ಸಣ್ಣದಾಗುತ್ತಾ ಹೋಯಿತು. ಹಿಂದಕ್ಕೆ ಈಜಿದರೆ ದಿಬ್ಬ ಸಿಗುತ್ತಿತ್ತೋ ಏನೋ, ಅವಳು ಈಜಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದ ಆ ನೀರಿನಲ್ಲಿ ಕಾಲಾಡಿಸುತ್ತಾ ನಿಂತಳು. ಅಲೆ ಮೇಲಕ್ಕೆತ್ತಿದಾಗ ದೂರದಲ್ಲಿ ಕೆಂಪು ಚುಕ್ಕೆಯೊಂದು ಕಾಣುತ್ತಿತ್ತು. ಇಳಿಸಿದಾಗ ಕಾಣುತ್ತಿರಲಿಲ್ಲ. ಮತ್ತೆ ಎತ್ತುವವರೆಗೆ ಕಾದಳು.