ಭೀಮನ ಅಮಾವಾಸ್ಯೆಯ ಸಹಿ

ಪೆರಂಬೂರಿನ ಕೌಸಲ್ಯಮ್ಮ ತಾಲೂಕು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಊಟದ ಹೊತ್ತು ಮೀರಿತ್ತು. ಗಂಡ ವಿಠ್ಠಲರಾಯರು ರೈಲ್ವೆ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅಂದಿನಿಂದ ಇದೇ ಅಲೆದಾಟ. ಬ್ಯಾಂಕಿನ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು, ನಾಮಿನಿ ಯಾರೂ ಇಲ್ಲ. ವಾರಸುದಾರರ ಸರ್ಟಿಫಿಕೇಟು ತನ್ನಿ ಎಂದು ಬ್ಯಾಂಕಿನವರು, "ನಾಳೈಕ್ಕು ವಾಂಗಮ್ಮಾ", ನಾಳೆ ಬನ್ನಿ ಎಂದು ತಮಿಳಿನಲ್ಲಿ ತಾಲೂಕು ಆಫೀಸಿನವರು. ಮಗಳು ಹರಿಪ್ರಿಯಾಳ ಕಾಲೇಜು ಫೀಸಿನ ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.

ಪಕ್ಕದ ಮನೆಯ ರಂಜನಿ ಕಾಫಿ ತಂದಳು. ಕೂತವಳು ತನ್ನ ಗೋಳು ತೆಗೆದಳು.

"ನೋಡಿ ಅಕ್ಕಾ, ಖಾತೆಗೆ ನನ್ನ ಹೆಸರೂ ಸೇರಿಸ್ತೀನಿ ಅಂತ ಇವರು ಫಾರಂ ತಂದಿದಾರೆ. ಇಬ್ಬರಲ್ಲಿ ಯಾರಾದ್ರೂ ಸರಿ, ಇಲ್ಲಾ ಉಳಿದವರು ದುಡ್ಡು ತೆಗೀಬಹುದಂತೆ. ಉಳಿದವರು ಅಂದ್ರೇನು? ಇವರು ಹೋದ ಮೇಲೆ ನಾನು ಅಂತ ತಾನೇ? ನಾಡಿದ್ದು ಭೀಮನ ಅಮಾವಾಸ್ಯೆ. ಗಂಡನ ಆಯುಸ್ಸಿಗೆ ಪೂಜೆ ಮಾಡೋ ಕೈಯಲ್ಲಿ ಅದಕ್ಕೆ ಸಹಿ ಹಾಕ್ಲಾ? ಆಗಲ್ಲ ಅಂದ್ಬಿಟ್ಟೆ."

ಕೌಸಲ್ಯಮ್ಮನಿಗೆ ಸಂಕಟವಾಯಿತು. ಇದೇ ಮಾತನ್ನು ತಾನೂ ಆಡಿದ್ದಳು.

"ನಾನೂ ಹೀಗೇ ಅಂದಿದ್ದೆ ಕಣೇ. ಮುತ್ತೈದೆಯಾಗಿ ಹೋಗ್ತೀನಿ, ನನಗ್ಯಾಕೆ ಆ ಸಹಿ ಅಂದೆ. ಅವರು ಪಾಪ, ನಕ್ಕು ಫಾರಂ ಮಡಿಸಿಟ್ರು. ನಾನು ಸಹಿ ಹಾಕ್ಲಿಲ್ಲ ಅಂತ ಅವರಿಗೆ ಒಂದು ದಿನ ಹೆಚ್ಚು ಸಿಕ್ತಾ?"

ರಂಜನಿ ಕಾಫಿ ಲೋಟವನ್ನು ಅವಳ ಹತ್ತಿರ ಸರಿಸಿದಳು.

"ಅವರನ್ನ ನೆನೆದು ಅಳೋಕೂ ನನಗೆ ಪುರಸೊತ್ತಿಲ್ಲ. ಬೆಳಗಾದ್ರೆ ಬಸ್ಸು, ಕ್ಯೂ. ರೊಂಬ ಸಾಕಾಗಿದೆ."

"ಸಹಿ ಹಾಕಿದ್ರೆ ಇದೆಲ್ಲ ಇರ್ತಿರ್ಲಿಲ್ವಾ ಅಕ್ಕಾ?"

"ಮರಣದ ಸರ್ಟಿಫಿಕೇಟು ಕೊಟ್ಟಿದ್ರೆ ಸಾಕಾಗ್ತಿತ್ತಂತೆ. ಬ್ಯಾಂಕಿನವರೇ ಹೇಳಿದ್ರು."

ಅಮಾವಾಸ್ಯೆಯ ದಿನ ಕೌಸಲ್ಯಮ್ಮ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತಿದ್ದಳು. ಮುತ್ತೈದೆಯರ ಹಬ್ಬದ ದಿನ ಗಂಡ ಕಳೆದುಕೊಂಡವಳ ಮನೆಗೆ ಯಾರು ಬರುತ್ತಾರೆ? ಇಂಥದ್ದರಲ್ಲೆಲ್ಲ ನಮ್ಮ ಜನ ಬಲು ಚುರುಕು. ರಂಜನಿ ಮಾತ್ರ ಬಂದಳು, ಕೈಗೆ ಅರಿಶಿನದ ದಾರ ಕಟ್ಟಿಕೊಂಡೇ.

"ಪೂಜೆ ಮುಗಿಸಿ, ಇವರಿಗೆ ನಮಸ್ಕಾರ ಮಾಡಿ, ಆಮೇಲೆ ಸಹಿ ಹಾಕ್ದೆ ಅಕ್ಕಾ. ಎಲ್ಲೆಲ್ಲಿ ಏನೇನಿದೆ ಅಂತ ಇವರೂ ತೋರಿಸಿದ್ರು. ನಾಳೆ ನಿಮ್ಮ ಜೊತೆ ತಾಲೂಕು ಆಫೀಸಿಗೆ ನಾನೂ ಬರ್ತೀನಿ."

ಗಂಡ ಹೋದ ಮೇಲೆ ಮೊದಲ ಸಲ ಕೌಸಲ್ಯಮ್ಮ ಅಂದು ಸಾವಕಾಶವಾಗಿ ಕೂತು ಅತ್ತಳು. ರಂಜನಿ ಕೈ ಹಿಡಿದುಕೊಂಡು ಪಕ್ಕದಲ್ಲೇ ಇದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಸಹಿ ಹಾಕಿದರೆ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ. ಗಂಡ ಹೆಂಡತಿ ಈ ವಾರವೇ ಒಟ್ಟಿಗೆ ಬ್ಯಾಂಕಿಗೆ ಹೋಗಿ. ಖಾತೆಗೆ ಇಬ್ಬರ ಹೆಸರೂ ಹಾಕಿಸಿ, ನಾಮಿನಿ ಬರೆಸಿ, ಪಾಸ್‌ಬುಕ್ಕು ಎಲ್ಲಿದೆ ಎಂದು ಒಬ್ಬರಿಗೊಬ್ಬರು ತೋರಿಸಿ. ದುಃಖದ ದಿನ ಬಂದರೆ, ಅಳುವುದಕ್ಕಾದರೂ ಬಿಡುವಿರಲಿ.