ನಲವತ್ತೇಳನೇ ನಂಬರಿನ ಪಂಜರ

ನಾನು ಒಂದು ಕಬ್ಬಿಣದ ಪಂಜರ. ಹಕ್ಕಿಯನ್ನು ಕೂಡಿಹಾಕುವ ಪಂಜರವಲ್ಲ. ರಸ್ತೆ ಬದಿಯ ಸಸಿಯನ್ನು ಆಡು, ದನಗಳಿಂದ ಕಾಯುವುದು ನನ್ನ ಕೆಲಸ. ಅದನ್ನು ಸರಿಯಾಗಿ ಮಾಡಿದೆನೇ ಎಂಬುದು ನನಗೆ ಇಂದಿಗೂ ಖಾತ್ರಿಯಿಲ್ಲ.

ನಾನು ಹುಟ್ಟಿದ್ದು ಬಸ್ ನಿಲ್ದಾಣದ ಹಿಂದಿನ ವೆಲ್ಡಿಂಗ್ ಶೆಡ್ಡಿನಲ್ಲಿ. ನಮ್ಮ ಬಿಸಿಲೂರಿನ ಪುರಸಭೆ ಆ ವರ್ಷ ಊರಿನ ಹೊಗೆ ತಗ್ಗಿಸಬೇಕು, ಕಾವು ಇಳಿಸಬೇಕು ಎಂದು ತೀರ್ಮಾನಿಸಿತ್ತು. ಇನ್ನು ಕಸ ಸುಡುವಂತಿಲ್ಲ. ಇನ್ನೂರು ಗಿಡ ನೆಡಬೇಕು. ಕಬ್ಬಿಣ ಉಳಿಸಲು ನನ್ನನ್ನು ಗೇಣಗಲಕ್ಕಷ್ಟೇ ಮಾಡಿದರು. ಹಸಿರು ಬಣ್ಣ ಬಳಿದು, ಎದೆಗೆ ‘ತಂಪು ಊರು ಯೋಜನೆ – ೪೭’ ಎಂಬ ತಗಡು ಬಿಗಿದರು.

ನಿಲ್ಲಿಸಿದ್ದು ಪೌರಕಾರ್ಮಿಕರ ಹಾಜರಿ ಕಟ್ಟೆಯ ಎದುರು. ಬೆಳಗಿನಿಂದ ಬೀದಿ ಗುಡಿಸಿದ ಹೆಂಗಸರು ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ತುಸುವೂ ನೆರಳಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಗಾಳೆಮ್ಮ ಎಂಬಾಕೆ ಬಿಸಿಲು ಬಡಿದು ಅದೇ ಕಟ್ಟೆಯ ಮೇಲೆ ಬಿದ್ದವಳು ಮತ್ತೆ ಏಳಲಿಲ್ಲವಂತೆ. ಅವಳ ಜೊತೆಗಾತಿ ಹುಲಿಗೆವ್ವ ನನ್ನನ್ನು ಹಿಡಿದು ಅಲ್ಲಾಡಿಸಿ, “ಗಟ್ಟಿ ಐತಿ. ಇನ್ನ ಒಳಗಿಂದು ಬದುಕಿದ್ರ ಸಾಕು,” ಎಂದಳು.

ಬದುಕಲಿಲ್ಲ. ಪರಿಸರ ದಿನದಂದು ನೆಟ್ಟ ಸಸಿ, ಫೋಟೋ ಮುಗಿದ ಮೇಲೆ ನೀರು ಕಾಣಲಿಲ್ಲ. ಮರುವರ್ಷ ಅದೇ ಗುಂಡಿ, ಹೊಸ ಸಸಿ, ಹೊಸ ಅಧ್ಯಕ್ಷರು. ಅದೂ ಒಣಗಿತು. ಆಡುಗಳನ್ನೇನೋ ತಡೆದೆ, ಬಿಸಿಲನ್ನು ತಡೆಯೋಣವೆಂದರೆ ನನ್ನ ಮೈತುಂಬ ಕಿಂಡಿ. ಒಣ ಕಡ್ಡಿಯನ್ನು ಕಾಯುತ್ತ ನಿಲ್ಲಲು ನಾಚಿಕೆಯಾಗುತ್ತಿತ್ತು.

ಮೂರನೇ ವರ್ಷ ಹುಲಿಗೆವ್ವ ತಾನೇ ಒಂದು ಬೇವಿನ ಸಸಿ ತಂದು ನೆಟ್ಟಳು. ಜನ ಅರ್ಧ ಕುಡಿದು ಎಸೆದ ನೀರಿನ ಬಾಟಲಿಗಳು ಅವಳ ಕಸದ ಗಾಡಿಯಲ್ಲಿ ದಿನವೂ ಬರುತ್ತಿದ್ದವು. ಅವನ್ನು ತುಳಿದು ಚಪ್ಪಟೆ ಮಾಡುವ ಮೊದಲು ಒಂದೊಂದನ್ನೇ ಬೇರಿಗೆ ಬಗ್ಗಿಸುತ್ತಿದ್ದಳು.

“ಎಂಜಲ ಕುಡುದು ಬೆಳಿಯಾಕತ್ಯಾನ ನಿನ್ನ ಮಗ,” ಎಂದು ಉಳಿದವರು ನಗುತ್ತಿದ್ದರು.

“ಊರಮಂದಿ ಎಂಜಲ ಬಳದು ನಾವು ಮಕ್ಕಳನ್ನ ಬೆಳಿಸಿಲ್ಲೇನ? ಇವನೂ ಬೆಳೀಲಿ ಬಿಡ್ರೇ.”

ಬೆಳೆಯಿತು. ಎಂಟು ವರ್ಷದಲ್ಲಿ ಮರವೇ ಆಯಿತು. ಬುತ್ತಿಗಳೆಲ್ಲ ಅದರ ನೆರಳಿಗೆ ಸರಿದವು. ನನ್ನ ಸಂಕಟ ಶುರುವಾದದ್ದು ಆಗಲೇ. ಕಾಂಡ ದಪ್ಪಗಾದಂತೆ ನನ್ನ ಕಬ್ಬಿಣದ ಪಟ್ಟಿಗಳು ತೊಗಟೆಯೊಳಗೆ ಇಳಿದವು. ಅಂಟು ಸುರಿಯಿತು. ಒಂದು ಕೊಂಬೆ ಹಳದಿಯಾಯಿತು. ಕಾಯಲು ಬಂದ ನಾನೇ ಕತ್ತು ಹಿಸುಕುತ್ತಿದ್ದೆ. ಸರಿದು ನಿಲ್ಲೋಣವೆಂದರೆ ಕಾಲುಗಳು ಕಾಂಕ್ರೀಟಿನಲ್ಲಿ ಹೂತಿದ್ದವು.

ಹುಲಿಗೆವ್ವ ಪುರಸಭೆಯ ಇಂಜಿನಿಯರ್ ಶರಣಪ್ರಸಾದರನ್ನು ಕರೆತಂದು ತೋರಿಸಿದಳು.

“ಸಾಹೇಬ್ರ, ಪಂಜರ ತಗಸ್ರಿ. ಗಿಡ ಸಾಯಾಕತ್ತೈತಿ.”

“ತಗಿಯಾಕ ಬರಂಗಿಲ್ಲವ್ವ. ವರ್ಷಾ ಪಂಜರದ ನಂಬರ್ ಸಮೇತ ಫೋಟೋ ಹಾಕಿದ್ರನ ಸರ್ಕಾರದ ಆ್ಯಪ್ ಒಪ್ಪತೈತಿ. ಪಂಜರ ಇಲ್ಲ ಅಂದ್ರ ಗಿಡ ಇಲ್ಲ.”

“ಹಂಗಾರ ಆ ನಲವತ್ತಾರರಾಗ ಗಿಡನ ಇಲ್ಲಲ್ರಿ?”

“ಪಂಜರ ಐತಲ್ಲ,” ಎಂದರು ಅವರು. ಹೇಳಿದ ಮೇಲೆ ತಮಗೇ ಮುಜುಗರವಾಗಿ, “ಒಂದ್ ಅರ್ಜಿ ಕೊಡು, ಮ್ಯಾಲ ಕಳಸ್ತೀನಿ,” ಎಂದರು.

ಅರ್ಜಿ ಹೋಯಿತು. ಅವರಿಗೆ ವರ್ಗವಾಯಿತು. ಮತ್ತೊಂದು ಅರ್ಜಿ ಹೋಯಿತು. ಬೇಗ ತುಕ್ಕು ಹಿಡಿದು ಮುರಿದುಬೀಳೋಣವೆಂದು ನಾನು ಮಳೆಗೆ ಕಾದೆ. ಮಳೆ ಬರಲಿಲ್ಲ, ಬಂದವರು ಹೊಸ ಬಣ್ಣ ಬಳಿಯುವವರು.

ಎರಡು ವರ್ಷ ಹೀಗೇ ಕಳೆದವು. ಏಪ್ರಿಲ್ಲಿನ ಒಂದು ಮಧ್ಯಾಹ್ನ, ಬೇವು ಚಿಗುರಬೇಕಾದ ಕಾಲದಲ್ಲಿ, ಹಸಿ ಎಲೆಗಳು ಬುತ್ತಿಯ ಮೇಲೆ ಉದುರಿದವು. ಹುಲಿಗೆವ್ವ ಡಬ್ಬಿ ಮುಚ್ಚಿಟ್ಟು ಎದ್ದುಹೋಗಿ, ಕಬ್ಬಿಣ ಕೊಯ್ಯುವ ಗರಗಸ ತಂದಳು.

“ಸರ್ಕಾರಿ ಸಾಮಾನು ಕೊಯ್ದ್ರ ನೌಕರಿ ಹೋಗತೈತಿ, ಯವ್ವಾ!” ಎಂದರು ಜೊತೆಯವರು.

“ಗಾಳೆಮ್ಮಗ ನೌಕರಿ ಇತ್ತಲ್ಲ. ನೆರಳ ಇತ್ತೇನ?”

ಅವರಲ್ಲೊಬ್ಬಳು ಎದ್ದು ಬಂದು, ಕೊಯ್ಯುವಾಗ ನಡುಗದಿರಲೆಂದು ನನ್ನನ್ನು ಅಮರಿ ಹಿಡಿದಳು.

ಪಟ್ಟಿಗಳನ್ನು ಕೊಯ್ದು ನನ್ನನ್ನು ಮರದಿಂದ ಬಿಡಿಸಿದ ಮೇಲೆ, ನಂಬರಿನ ತಗಡನ್ನು ಮಾತ್ರ ಹುಲಿಗೆವ್ವ ಹಳೆ ಸೀರೆಯ ಅಂಚಿನಿಂದ ಕಾಂಡಕ್ಕೆ ಸಡಿಲವಾಗಿ ಕಟ್ಟಿದಳು. ಜೂನ್ ತಿಂಗಳಲ್ಲಿ ಫೋಟೋ ತೆಗೆದರು, ಆ್ಯಪ್ ಒಪ್ಪಿತು. ಅದು ನೋಡುತ್ತಿದ್ದದ್ದು ತಗಡನ್ನಷ್ಟೇ. ಇದನ್ನು ಪರೀಕ್ಷಿಸಿ ನೋಡಲು ಎರಡು ವರ್ಷದಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಕಟ್ಟೆಯ ಹಿಂದಿನ ಗೋಡೆಗೆ ಒರಗಿದ್ದೇನೆ. ನನ್ನನ್ನು ಗುಜರಿಗೆ ಹಾಕಲೂ ಯಾರದೋ ಸಹಿ ಬೇಕಂತೆ. ನನ್ನ ಒಂದು ಪಟ್ಟಿಯ ತುಂಡು ಹೊರಗೆ ಬರಲೇ ಇಲ್ಲ. ಮರ ಅದನ್ನು ನುಂಗಿತ್ತು. ಅದಿನ್ನೂ ನೋಯುತ್ತಿದೆಯೇ ಎಂದು ಮರವನ್ನು ಕೇಳಲು ನನಗೆ ಧೈರ್ಯವಿಲ್ಲ. ಆದರೆ ದಿನವೂ ನಾಲ್ಕು ಗಂಟೆಯ ಹೊತ್ತಿಗೆ ಬೇವಿನ ನೆರಳು ಕಟ್ಟೆಯನ್ನು ದಾಟಿ ಗೋಡೆಯವರೆಗೆ ಬರುತ್ತದೆ, ಕಾದ ನನ್ನ ಮೈಯ ಮೇಲೂ ಬೀಳುತ್ತದೆ.